ಪತ್ತೆಯಾಗಿಲ್ಲ

ನೀರು ಸರಬರಾಜು ಇಲಾಖೆಯ ಪ್ರಯೋಗಾಲಯಕ್ಕೆ ಸಸಿಯಮ್ಮ ಮೂರನೆಯ ಸಲ ಬಂದಾಗ ಅವಳ ಕೈಯಲ್ಲಿ ದೂರಿನ ಅರ್ಜಿ ಇರಲಿಲ್ಲ. ಎರಡು ತಟ್ಟೆ ಟೊಮೇಟೊ ಸಸಿಗಳಿದ್ದವು. ಬಾಟಲಿಗಳನ್ನು ಇಳಿಸಿಕೊಳ್ಳುವ ಉದ್ದನೆಯ ಮೇಜಿನ ಮೇಲೆ ಅವನ್ನು ಅಕ್ಕಪಕ್ಕದಲ್ಲಿಟ್ಟು, ಕೈಗೆ ಮೆತ್ತಿದ್ದ ಮಣ್ಣನ್ನು ಉಜ್ಜಿಕೊಂಡು, "ಮೇಡಂನ ಕರೀತೀರಾ" ಎಂದಳು.

ಬಾಟಲಿ ತೊಳೆಯುವ ನೌಕರ, ಎಲ್ಲರ ಬಾಯಲ್ಲಿ ಬಾಟಲಿಯಣ್ಣ, ಸಸಿಗಳನ್ನೊಮ್ಮೆ ಅವಳನ್ನೊಮ್ಮೆ ನೋಡಿದ. "ಅಮ್ಮಾ, ಇದು ನೀರು ನೋಡೋ ಜಾಗ. ಗಿಡ ನೋಡೋರು ಬೇರೆ ಇದ್ದಾರೆ."

"ಅವರೂ ನೋಡಿ ಆಯ್ತು. ಗಿಡಕ್ಕೆ ರೋಗ ಇಲ್ಲ ಅಂದ್ರು. ಮಣ್ಣಿನೋರು ಮಣ್ಣು ಚೆನ್ನಾಗಿದೆ ಅಂದ್ರು. ನೀವು ನೀರಲ್ಲಿ ಏನೂ ಇಲ್ಲ ಅಂತ ಎರಡು ಸಲ ಬರ್ಕೊಟ್ರಿ. ಎಲ್ಲಾ ಚೆನ್ನಾಗಿದ್ದು ಸಸಿ ಮಾತ್ರ ಯಾಕೆ ಹೀಗೆ ಅಂತ ಇನ್ಯಾರನ್ನ ಕೇಳ್ಲಿ?"

ಬಾಟಲಿಯಣ್ಣ ಒಳಗೆ ಹೋಗಿ 'ಸೊಸೆ ಮೇಡಂ'ರನ್ನು ಕರೆದುಕೊಂಡು ಬಂದ.

ಸೊಸೆ ಅಲ್ಲಿನ ಹಿರಿಯ ಕೆಮಿಸ್ಟ್. ಆ ಹೆಸರು ಬಂದದ್ದಕ್ಕೆ ಒಂದು ಕಥೆಯಿತ್ತು. ಪ್ರಯೋಗಾಲಯವನ್ನು ಬರಿಯ ಗೋಡೆಗಳಿಂದ ಎತ್ತಿ ನಿಲ್ಲಿಸಿದವರು ಅವಳ ಮಾವ. ಅವಳು ಇಪ್ಪತ್ತಮೂರರ ವಯಸ್ಸಿಗೆ ಕೆಲಸಕ್ಕೆ ಸೇರಿದ ಮೊದಲ ವಾರ, ಪಿಪೆಟ್ ಹಿಡಿದ ಅವಳ ಬೆರಳುಗಳನ್ನು ನೋಡಿ ಅವರು ಮನೆಗೆ ಹೋಗಿ ಹೆಂಡತಿಯ ಹತ್ತಿರ, "ಕೈ ನಡುಗದ ಹುಡುಗಿ ಒಬ್ಬಳು ಬಂದಿದ್ದಾಳೆ, ನಮ್ಮವನನ್ನು ಒಪ್ಪಿಕೊಂಡರೆ ನಮ್ಮ ಪುಣ್ಯ" ಎಂದಿದ್ದರಂತೆ. ಎರಡು ವರ್ಷಕ್ಕೆ ಅವಳು ಆ ಮನೆಗೇ ಬಂದಳು. ಏಳು ವರ್ಷದ ಹಿಂದೆ ಮಾವ ನಿವೃತ್ತರಾದಾಗ ಅವರ ಕುರ್ಚಿಯೂ ಅವಳಿಗೇ ಬಂತು. ಬೆನ್ನ ಹಿಂದಿನ 'ಸೊಸೆ ಮೇಡಂ' ಕ್ರಮೇಣ ಎದುರಿಗೂ ಬಂತು. "ಮನೇಲೂ ಸೊಸೆ, ಆಫೀಸಲ್ಲೂ ಸೊಸೆ. ನಾನು ಎಲ್ಲಿಂದ ರಿಟೈರ್ ಆಗ್ಬೇಕೋ" ಎಂದು ಅವಳೇ ನಗುತ್ತಿದ್ದಳು.

ಸಸಿಯಮ್ಮನದೂ ಊರು ಕೊಟ್ಟ ಹೆಸರೇ. ಮೂವತ್ತು ವರ್ಷದಿಂದ ತರಕಾರಿ ಸಸಿ ಬೆಳೆಸಿ ಮಾರುವವಳು. ಊರಿನ ಅರ್ಧ ಹಿತ್ತಿಲುಗಳಲ್ಲಿ ಅವಳ ಸಸಿಗಳಿದ್ದವು. ಅವಳ ಕೈಗುಣ ಒಳ್ಳೆಯದೆಂದು, ಎರಡೇ ಗಿಡ ಬೇಕಾದವರೂ ದೂರದಿಂದ ಅವಳಲ್ಲಿಗೇ ಬರುತ್ತಿದ್ದರು. ಮೂರು ವರ್ಷದ ಹಿಂದೆ ಆ ಸಸಿಗಳ ಎಲೆ ಮುದುಡತೊಡಗಿತು. ಎರಡು ವರ್ಷದ ಹಿಂದೆ ಅವಳು ಮೊದಲ ಸಲ ನೀರಿನ ಬಾಟಲಿ ಹಿಡಿದು ಬಂದಿದ್ದಳು. ಕಳೆನಾಶಕದ ಪರೀಕ್ಷೆಯಾಗಿತ್ತು. 'ಪತ್ತೆಯಾಗಿಲ್ಲ' ಎಂದು ಸೊಸೆಯೇ ಸಹಿ ಹಾಕಿ ಕೊಟ್ಟಿದ್ದಳು. ಮರುವರ್ಷವೂ ಅದೇ.

"ನೋಡಿ ಮೇಡಂ," ಸಸಿಯಮ್ಮ ಎಡಗಡೆಯ ತಟ್ಟೆ ಮುಟ್ಟಿದಳು. "ಇದಕ್ಕೆ ಹಾಕಿದ್ದು ಮಳೆ ನೀರು. ಸೂರಿನ ಕೆಳಗೆ ಡ್ರಮ್ ಇಟ್ಟು ಹಿಡಿದಿದ್ದು. ಇದಕ್ಕೆ ನಲ್ಲಿ ನೀರು. ಬೀಜ ಒಂದೇ ಪೊಟ್ಟಣದ್ದು, ಮಣ್ಣು ಒಂದೇ ಚೀಲದ್ದು. ತಟ್ಟೆ ಎರಡೂ ಹೊಸದು. ಬಿತ್ತಿದ್ದೂ ಒಂದೇ ಗಳಿಗೇಲಿ."

ಎಡಗಡೆಯ ಸಸಿಗಳು ಅಂಗೈ ಬಿಚ್ಚಿದಂತೆ ನಿಂತಿದ್ದವು. ಬಲಗಡೆಯವು ಕತ್ತು ತಿರುಚಿಕೊಂಡು, ಎಲೆಯ ಅಂಚುಗಳನ್ನು ಒಳಗೆ ಮಡಚಿಕೊಂಡು, ಏಟು ತಿನ್ನುವ ಮೊದಲೇ ಮೈ ಮುದುರಿಕೊಂಡವರಂತೆ ಕುಳಿತಿದ್ದವು. ಸೊಸೆ ಬಗ್ಗಿ ನೋಡಿದಳು. ಇಷ್ಟು ಅಚ್ಚುಕಟ್ಟಾದ ಪ್ರಯೋಗವನ್ನು ತನ್ನ ಪ್ರಯೋಗಾಲಯದಲ್ಲೂ ಯಾರೂ ಈಚೆಗೆ ಮಾಡಿರಲಿಲ್ಲ ಎಂದು ಅವಳಿಗೆ ಅನ್ನಿಸಿತು.

"ಮತ್ತೆ ಪರೀಕ್ಷೆ ಮಾಡ್ತೀನಿ," ಎಂದಳು.

"ಮಾಡಿ. ಆದ್ರೆ ಒಂದು ಮಾತು ಕೇಳಿ." ಸಸಿಯಮ್ಮ ದನಿ ತಗ್ಗಿಸಿದಳು. "ನೀವು ಮೊದಲ ಸಲ ಕಾಗದ ಕೊಟ್ರಲ್ಲ, ಅದನ್ನ ನಂಬಿ ನಾನು ನನ್ನ ತಂಗೀನ ಮನೆಯಿಂದ ಕಳಿಸ್ಬಿಟ್ಟೆ. ನೀರಲ್ಲಿ ಇಲ್ಲ ಅಂದ್ಮೇಲೆ ಅವಳ ಕೈಯಿಂದಾನೇ ಆಗಿರ್ಬೇಕು ಅಂದ್ಕೊಂಡೆ. ದಾರೀಲಿ ಬೆಳೆದ ಕಳೆಗೆ ಮದ್ದು ಹೊಡೆಯೋಳು ಅವಳು. ಅದೇ ಪಂಪಲ್ಲಿ ಸಸಿಗೂ ನೀರು ಬಿಟ್ಟಿದ್ದೀಯ ಅಂದೆ. ಇಲ್ಲ ಅಕ್ಕ, ಪಂಪು ಬೇರೆ ಬೇರೆ ಇಟ್ಟಿದ್ದೀನಿ ಅಂತ ಅವಳು ಎಷ್ಟು ಹೇಳಿದ್ರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅವಳು ಹೋಗಿ ಎರಡು ವರ್ಷ ಆಯ್ತು. ಆ ಪಂಪೂ ಇಲ್ಲ, ಮದ್ದೂ ಇಲ್ಲ. ಎಲೆ ಮಾತ್ರ ಮುದುಡ್ತಾನೇ ಇದೆ."

ಸೊಸೆ ಬಲಗಡೆಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ನಡೆದಳು.

ಅಂದೇ ಮಧ್ಯಾಹ್ನ ಅವಳು ಸಸಿಯಮ್ಮನ ನಲ್ಲಿಯಿಂದ ತಾನೇ ನೀರು ಹಿಡಿದು ತಂದಳು. ಕೆಲಸ ಕೈಪಿಡಿಯಲ್ಲಿದ್ದಂತೆಯೇ ನಡೆಯಿತು. ಒಂದು ಲೀಟರ್ ನೀರಿಗೆ ಅರ್ಧ ಮಿಲಿ ಆಸಿಡ್ ಹಾಕಬೇಕು. ಆಮೇಲೆ ಹೆಬ್ಬೆರಳಿನಷ್ಟು ದಪ್ಪದ ಕೊಳವೆಯೊಳಗೆ ತುಂಬಿದ ಬಿಳಿ ಪುಡಿಯ ಮೂಲಕ ಆ ನೀರನ್ನು ಹನಿಹನಿಯಾಗಿ ಇಳಿಸಬೇಕು. ಆಸಿಡ್ ಬಿದ್ದ ನೀರಿನಲ್ಲಿ ಈ ಜಾತಿಯ ಕಳೆನಾಶಕ ಪುಡಿಗೆ ಅಂಟಿಕೊಳ್ಳುತ್ತದೆ. ನೀರು ಮಾತ್ರ ಚರಂಡಿಗೆ ಹೋಗುತ್ತದೆ. ಅಂಟಿದ್ದನ್ನು ಬೇರೊಂದು ದ್ರವದಿಂದ ಬಿಡಿಸಿ, ಒಂದು ಮಿಲಿಗೆ ಇಳಿಸಿ, ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡಬೇಕು. ಫ್ರಿಜ್ಜಿಗಿಂತ ಸ್ವಲ್ಪ ದೊಡ್ಡದಾದ ಆ ಯಂತ್ರ ಅಣುಗಳನ್ನು ತೂಗುತ್ತದೆ. ತನಗೆ ಬೇಕಾದ ತೂಕದ್ದನ್ನು ಮಾತ್ರ ಒಳಗೆ ಬಿಟ್ಟುಕೊಂಡು ಒಡೆಯುತ್ತದೆ, ಒಡೆದ ಚೂರುಗಳನ್ನೂ ತೂಗುತ್ತದೆ. ಎರಡೂ ತೂಕ ತಾಳೆಯಾದರೆ ತೆರೆಯ ಮೇಲೆ ಒಂದು ಶಿಖರ ಏಳುತ್ತದೆ. ಹತ್ತು ಲಕ್ಷ ಲೀಟರ್ ಹಿಡಿಯುವ ತೊಟ್ಟಿಗೆ ಒಂದು ಚಿಟಿಕೆ ಹಾಕಿದ್ದರೂ ಅದರ ಕಣ್ಣು ತಪ್ಪುವುದಿಲ್ಲ.

ಶಿಖರ ಏಳಲಿಲ್ಲ. ಗೆರೆ ನೆಲಕ್ಕೆ ಅಂಟಿಕೊಂಡೇ ಸಾಗಿತು.

ಪ್ರತಿ ತಿಂಗಳೂ ಅವರು ಯಂತ್ರವನ್ನೂ ವಿಧಾನವನ್ನೂ ಒರೆಗೆ ಹಚ್ಚುತ್ತಿದ್ದರು. ಭಟ್ಟಿ ಇಳಿಸಿ ಶುದ್ಧ ಮಾಡಿದ ನೀರಿಗೆ ಗೊತ್ತಿರುವಷ್ಟು ಕಳೆನಾಶಕ ಬೆರೆಸಿ, ಮೊದಲಿನಿಂದ ಕೊನೆಯವರೆಗೆ ಪರೀಕ್ಷೆ ನಡೆಸಿ, ಹಾಕಿದ್ದರಲ್ಲಿ ಎಷ್ಟು ವಾಪಸು ಸಿಕ್ಕಿತು ಎಂದು ನೋಡುವುದು. ನೂರಕ್ಕೆ ತೊಂಬತ್ತೈದು ಸಿಗುತ್ತಿತ್ತು. ಆ ಹಾಳೆಗಳೆಲ್ಲ ಕಪಾಟಿನಲ್ಲಿ ಸಾಲಾಗಿದ್ದವು. ಸೊಸೆ ಅವುಗಳ ಮುಂದೆ ತುಸು ಹೊತ್ತು ನಿಂತಳು. ಹಾಗೆ ಭಟ್ಟಿ ಇಳಿಸಿದ ನೀರನ್ನು ಊರಿನಲ್ಲಿ ಯಾರೂ ಕುಡಿಯುವುದಿಲ್ಲ, ಸಸಿಯಮ್ಮನ ಸಸಿಗಳೂ ಕುಡಿಯುವುದಿಲ್ಲ.

ಮಾರನೆಯ ದಿನ ಅವಳು ಸಸಿಯಮ್ಮನ ನಲ್ಲಿಯ ನೀರಿಗೇ ಗೊತ್ತಿರುವಷ್ಟು ಕಳೆನಾಶಕ ಬೆರೆಸಿದಳು. ಹೊರಗೆಲ್ಲೂ ಸಿಗಲಾರದಷ್ಟು, ಬೇಕೆಂದೇ ಧಾರಾಳವಾಗಿ. ಯಂತ್ರದ ಮುಂದೆ ಕುಳಿತಳು. ಹನ್ನೆರಡು ನಿಮಿಷದ ಓಟ. ಏಳನೆಯ ನಿಮಿಷಕ್ಕೆ ಶಿಖರ ಏಳಬೇಕು. ಏಳು ಬಂತು, ಏಳೂವರೆ ಬಂತು. ಗೆರೆ ಸ್ವಲ್ಪ ಉಬ್ಬಿದಂತೆ ಮಾಡಿ ಮತ್ತೆ ಮಲಗಿತು.

ತಾನೇ ಕೈಯಾರೆ ಹಾಕಿದ ವಿಷವನ್ನು ಯಂತ್ರ 'ಪತ್ತೆಯಾಗಿಲ್ಲ' ಎನ್ನುತ್ತಿತ್ತು.

ಸೊಸೆ ಎದ್ದು ಹೋಗಿ ಉಳಿದ ನೀರಿನ ಬಾಟಲಿ ತೆಗೆದಳು. ಅರ್ಧ ಮಿಲಿ ಆಸಿಡ್ ಹಾಕಿದಳು. ಸಣ್ಣ ಗುಳ್ಳೆಗಳೆದ್ದವು, ಸೋಡಾ ಬಾಟಲಿ ಬಿಚ್ಚಿದಾಗಿನಂತೆ. ಹುಳಿ ನೋಡುವ ಬಣ್ಣದ ಕಾಗದದ ಪಟ್ಟಿಗಳು ಯಾವುದೋ ಡ್ರಾಯರಿನ ಮೂಲೆಯಲ್ಲಿದ್ದವು. ಹುಡುಕಿ ತೆಗೆದು ಒಂದನ್ನು ಅದ್ದಿದಳು. ಕಡು ಕೆಂಪಾಗಬೇಕಿತ್ತು. ಹಳದಿಯಾಯಿತು.

ಅವಳಿಗೆ ಎಲ್ಲ ಹೊಳೆಯಿತು. ಆರು ವರ್ಷದ ಹಿಂದೆ ಇಲಾಖೆ ಹೊಳೆಯ ನೀರು ಬಿಟ್ಟು ಸುಣ್ಣಕಲ್ಲಿನ ಗುಡ್ಡದ ಬುಡದ ಕೊಳವೆಬಾವಿಗಳಿಗೆ ಹೋಗಿತ್ತು. ನೀರು ಗಡಸಾಯಿತೆಂದು ಊರಿನವರು ಗೊಣಗಿದ್ದರು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ. ನೀರಿನಲ್ಲಿ ಕರಗಿದ ಆ ಸುಣ್ಣ ಅರ್ಧ ಮಿಲಿ ಆಸಿಡ್ಡನ್ನು ಬಿದ್ದ ಕೂಡಲೇ ನುಂಗಿ ಹಾಕುತ್ತಿತ್ತು. ಹುಳಿಯೇ ಆಗದ ನೀರಿನಲ್ಲಿ ಕಳೆನಾಶಕ ಪುಡಿಗೆ ಅಂಟದೆ ನೀರಿನ ಜೊತೆಯೇ ಜಾರಿ ಚರಂಡಿ ಸೇರುತ್ತಿತ್ತು. ಆರು ವರ್ಷ ಅವರು ತೂಗಿದ್ದು ಚರಂಡಿಗೆ ಹೋದ ಮೇಲೆ ಉಳಿದದ್ದನ್ನು.

ಬಾಟಲಿಯಣ್ಣ ಹಿಂದೆ ಬಂದು ನಿಂತಿದ್ದ. "ಏನಾಯ್ತು ಮೇಡಂ, ಮುಖ ಯಾಕೆ ಹಿಂಗಾಯ್ತು?"

"ಅಣ್ಣ, ನಮ್ಮ ಕೈಪಿಡಿ ಬರ್ದಿದ್ದು ಯಾರು?"

"ಯಾರು ಅಂದ್ರೆ? ನಿಮ್ಮ ಮಾವನೋರೇ ಅಲ್ವಾ," ಎಂದ ಅವನು. ಹೇಳಿದ ಮೇಲೆ ಅವನ ಮುಖವೂ ಬದಲಾಯಿತು.

ಮನೆಗೆ ಹೋಗುವ ಬಸ್ಸಿನಲ್ಲಿ ಸೊಸೆ ಮಾತುಗಳನ್ನು ಜೋಡಿಸಿಕೊಂಡಳು. ಮಾವನಿಗೆ ಎಪ್ಪತ್ತರ ಮೇಲಾಗಿತ್ತು. ಅತ್ತೆ ಹೋದ ಮೇಲೆ ಅವರಿಗೆ ಉಳಿದಿದ್ದ ಒಂದೇ ಹೆಮ್ಮೆ ಆ ಪ್ರಯೋಗಾಲಯ. ಹೊಳೆ ನೀರಿಗೆಂದು ಬರೆದ ವಿಧಾನ ಹೊಳೆ ನೀರಿಗೆ ಸರಿಯಾಗಿಯೇ ಇತ್ತು, ತಪ್ಪು ನಿಮ್ಮದಲ್ಲ ಎನ್ನಬೇಕು. ಅಥವಾ ಹೇಳಲೇಬಾರದು. ಕೈಪಿಡಿ ತಿದ್ದಿದರೆ ಸಾಕು. ಅವರ ಕಿವಿಗೆ ಬೀಳಬೇಕೆಂದೇನಿಲ್ಲ.

ಮನೆಯಲ್ಲಿ ಗಂಡ ಇನ್ನೂ ಬಂದಿರಲಿಲ್ಲ. ಮಾವ ಅಡುಗೆಮನೆಯ ಮೇಜಿನ ಮೇಲೆ ಕೆಟ್ಟುಹೋದ ಟೈಂಪೀಸಿನ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದರು. ಅವಳನ್ನು ನೋಡಿ ಕನ್ನಡಕ ತೆಗೆದರು. "ಏನಮ್ಮ, ಯಂತ್ರ ಕೆಟ್ಟಿತೋ, ಯಂತ್ರದ ಮುಂದೆ ಕೂತೋರು ಕೆಟ್ರೋ?"

ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಅಲ್ಲೇ ಚದುರಿದವು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಸಿ, ಗುಳ್ಳೆ, ಹಳದಿ ಪಟ್ಟಿ, ಮನೆ ಬಿಟ್ಟು ಹೋದ ತಂಗಿ. ಮಾವ ಕೊನೆಗೆ, "ಪಟ್ಟಿ ನೋಡ್ತಿರ್ಲಿಲ್ವಾ ನೀವು?" ಎಂದು ಕೇಳಿದರು.

"ಕೈಪಿಡೀಲಿ ಅದು ಇಲ್ವಲ್ಲ ಮಾವ."

"ಇದೆಯಲ್ಲ."

"ಇಲ್ಲ."

ಮಾವ ಎದ್ದು ಕೋಣೆಗೆ ಹೋದರು. ಪೆಟ್ಟಿಗೆ ಎಳೆದ ಸದ್ದಾಯಿತು. ರಟ್ಟು ಸವೆದ ದಪ್ಪ ನೋಟ್‌ಬುಕ್ ತಂದು ಅವಳ ಮುಂದೆ ಬಿಚ್ಚಿಟ್ಟರು. ಅವರ ಮುತ್ತಿನಂಥ ಅಕ್ಷರ: 'ಲೀಟರಿಗೆ ಅರ್ಧ ಮಿಲಿ ಸಾಮಾನ್ಯವಾಗಿ ಸಾಕು. ಆದರೂ ಪ್ರತಿ ಸಲ ಪಟ್ಟಿ ಅದ್ದಿ ನೋಡುವುದು. ಕೆಂಪಾಗದಿದ್ದರೆ ಆಗುವವರೆಗೆ ಹಾಕುವುದು.'

ಸೊಸೆ ಆ ಮೂರು ಸಾಲುಗಳನ್ನು ಓದಿದಳು. ಇನ್ನೊಮ್ಮೆ ಓದುವಷ್ಟರಲ್ಲಿ ಎಂಟು ವರ್ಷದ ಹಿಂದಿನ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂತು. ಕೈಬರಹದ ಕೈಪಿಡಿಯನ್ನು ಟೈಪು ಮಾಡಿ ಅಚ್ಚುಕಟ್ಟು ಮಾಡಬೇಕೆಂದು ಮೇಲಿನವರು ಹೇಳಿದ್ದರು. ಟೈಪು ಮಾಡಿದವಳು ಅವಳೇ. ಹೊಳೆ ನೀರಿನಲ್ಲಿ ಪಟ್ಟಿ ಯಾವತ್ತೂ ಕೆಂಪೇ ಆಗುತ್ತಿತ್ತು. ಯಾವಾಗಲೂ ಒಂದೇ ಉತ್ತರ ಬರುವ ಪ್ರಶ್ನೆ ಯಾಕೆ ಎಂದು ಆ ಎರಡು ಸಾಲು ಬಿಟ್ಟಿದ್ದಳು. ಇಡೀ ವಿಧಾನ ಒಂದೇ ಪುಟದಲ್ಲಿ ಮುಗಿದಿತ್ತು. ಅದು ಅವಳಿಗೆ ಖುಷಿ ಕೊಟ್ಟಿತ್ತು.

"ನಾನು," ಎಂದಳು. "ಬಿಟ್ಟಿದ್ದು ನಾನು, ಮಾವ."

ಅವರಿಗೆ ನೋವಾಗದಂತೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿ ಬಂದವಳಿಗೆ ಈಗ ಅವರ ಮುಖ ನೋಡಲಾಗಲಿಲ್ಲ. ಮಾವ ಟೈಂಪೀಸಿನ ತಿರುಪುಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕಿದರು.

"ಟೈಪ್ ಮಾಡಿದ ಪುಟಗಳಿಗೆ ಸಹಿ ಯಾರದ್ದು?" ಎಂದರು.

"ನಿಮ್ಮದು."

"ಓದ್ಲಿಲ್ಲ ನಾನು. ನೀನು ಬರ್ದಿದ್ದು ಅಂತ ಕಣ್ಮುಚ್ಚಿ ಹಾಕ್ದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ವಯಸ್ಸು ಮಾತ್ರ ಕೇಳಿಸಿತು. "ಈಗ ಅಳ್ತಾ ಕೂರಬೇಡ. ನಾಳೆ ಸರಿಯಾಗಿ ಆಸಿಡ್ ಹಾಕಿ ಮಾಡು. ಮೊದಲು ಎಷ್ಟಿದೆ ನೋಡೋಣ. ಆಮೇಲೆ ನಮ್ಮಿಬ್ಬರ ತಪ್ಪು ತೂಗೋಣ."

ಮರುದಿನ ಅವಳು ಪಟ್ಟಿ ಕಡುಕೆಂಪಾಗುವವರೆಗೆ ಹನಿ ಹನಿಯಾಗಿ ಆಸಿಡ್ ಹಾಕಿದಳು. ಏಳನೆಯ ನಿಮಿಷಕ್ಕೆ ಶಿಖರ ಎದ್ದಿತು. ಒಡೆದ ಚೂರಿನ ತೂಕವೂ ತಾಳೆಯಾಯಿತು. ಹೋಲಿಕೆಗೆಂದು ಪರೀಕ್ಷಿಸಿದ ಶುದ್ಧ ನೀರಿನಲ್ಲಿ ಏನೂ ಇರಲಿಲ್ಲ, ಯಂತ್ರದಲ್ಲಿ ಹಳೆಯದೇನೂ ಉಳಿದಿರಲಿಲ್ಲ. ಮೂರು ಸಲ ಮಾಡಿದಳು. ಮೂರು ಸಲವೂ ಒಂದೇ ಲೆಕ್ಕ: ಲೀಟರಿಗೆ ಒಂದೂವರೆ ಮೈಕ್ರೊಗ್ರಾಂ ಹತ್ತಿರ. ಅಗಲ ಎಲೆಯ ಗಿಡಗಳನ್ನು ಮಾತ್ರ ಕೊಂದು ಹುಲ್ಲನ್ನು ಉಳಿಸುವ ಮದ್ದು ಅದು. ಮನುಷ್ಯರಿಗೆ ತೊಂದರೆಯೆಂದು ಹೇಳುವ ಮಟ್ಟ ಅದಕ್ಕಿಂತ ಬಹಳ ಮೇಲಿತ್ತು. ಟೊಮೇಟೊ ಸಸಿಗೆ ಅಷ್ಟು ಸಾಕಾಗಿತ್ತು.

ಎಲ್ಲಿಂದ ಬಂತೆಂದು ತಿಳಿಯಲು ಬಹಳ ದೂರ ಹೋಗಬೇಕಾಗಲಿಲ್ಲ. ಕೊಳವೆಬಾವಿಗಳ ನೀರು ನಿಲ್ಲುವ ದೊಡ್ಡ ಕೊಳದ ಏರಿಯ ಮೇಲೆ ಮಣ್ಣು ಕುಸಿಯದಂತೆ ಹುಲ್ಲು ಬೆಳೆಸಿದ್ದರು. ಪೊದೆ ಏಳದಂತೆ ಕೈಯಿಂದ ಕೀಳುತ್ತಿದ್ದ ಕೆಲಸಗಾರರನ್ನು ಮೂರು ವರ್ಷದ ಹಿಂದೆ ಬಿಡಿಸಿ, ವರ್ಷಕ್ಕೆ ಎರಡು ಸಲ ಮದ್ದು ಹೊಡೆಸುವ ಪದ್ಧತಿ ಮಾಡಿದ್ದರು. ಮಾಡಿದ್ದು ಅವರದೇ ಇಲಾಖೆ.

ಪ್ರಯೋಗಾಲಯದ ಮುಖ್ಯಸ್ಥರು ಕೆಟ್ಟ ಮನುಷ್ಯರಲ್ಲ. ಅವಳ ಹಾಳೆಗಳನ್ನು ಗಮನವಿಟ್ಟು ನೋಡಿದರು. ಏರಿಗೆ ಮದ್ದು ಹೊಡೆಯುವುದನ್ನು ನಿಲ್ಲಿಸಲು ಅವಳ ಎದುರಿಗೇ ಫೋನು ಮಾಡಿದರು. ಆಮೇಲೆ ಹಾಳೆಗಳನ್ನು ಮಡಚಿ, "ಒಳ್ಳೇ ಕೆಲಸ ಮಾಡಿದ್ರಿ. ಇನ್ಮೇಲೆ ಪಟ್ಟಿ ನೋಡಿ ಮಾಡಿ. ಇಲ್ಲಿಗೆ ಮುಗೀತು" ಎಂದರು.

"ಹಳೇ ವರದಿಗಳು, ಸಾರ್?"

"ಅವು ಹೋದ ಮಾತು. ಯಾರಿಗೂ ಕಾಯಿಲೆ ಬಂದಿಲ್ಲ. ಯಾಕೆ ಕೆದಕ್ತೀರಿ?"

"ಇನ್ನೂರ ಹದಿನೇಳು ವರದಿ, ಸಾರ್. ಒಂದೊಂದರಲ್ಲೂ ಪತ್ತೆಯಾಗಿಲ್ಲ ಅಂತ ನಾನು ಸಹಿ ಹಾಕಿದ್ದೀನಿ. ಪತ್ತೆ ಮಾಡೋಕೆ ಆಗ್ತಿರ್ಲಿಲ್ಲ ಅನ್ನೋದು ನಿಜ. ಇಲ್ಲ ಅನ್ನೋದಕ್ಕೂ ಕಾಣಿಸ್ಲಿಲ್ಲ ಅನ್ನೋದಕ್ಕೂ ವ್ಯತ್ಯಾಸ ಇದೆ. ಅವನ್ನ ವಾಪಸ್ ತಗೋಬೇಕು."

"ತಗೊಂಡ್ರೆ ಮೊದಲು ಬಡಿಯೋದು ನಿಮ್ಮ ತಲೆಗೇ. ಗೊತ್ತಿದೆ ತಾನೆ?"

"ಗೊತ್ತಿದೆ."

ಅವರು ಕಿಟಕಿಯ ಕಡೆ ನೋಡಿದರು. "ಯೋಚನೆ ಮಾಡಿ. ಮನೇಲಿ ದೊಡ್ಡೋರು ಇದ್ದಾರೆ, ಅವರ ಹೆಸರೂ ಇದರಲ್ಲಿ ಬರುತ್ತೆ."

"ಅವರನ್ನ ಕೇಳ್ಕೊಂಡೇ ಬಂದಿದ್ದೀನಿ," ಎಂದು ಸೊಸೆ ಬರೆದು ತಂದಿದ್ದ ಪತ್ರವನ್ನು ಮೇಜಿನ ಮೇಲಿಟ್ಟಳು.

ಮುಖ್ಯಸ್ಥರು ಕೊನೆಗೆ ಒಪ್ಪಿದರು, ಆದರೆ ವರದಿಗಳನ್ನು ಹಿಂಪಡೆಯುವ ಪತ್ರಗಳು ಹೋಗಲು ಇನ್ನೂ ವಾರ ಬೇಕಿತ್ತು. ಸಸಿಯಮ್ಮನಿಗೆ ಅಂಚೆಯಲ್ಲಿ ತಿಳಿಯುವುದು ಸೊಸೆಗೆ ಇಷ್ಟವಾಗಲಿಲ್ಲ. ಹೊಸ ವರದಿ ಹಿಡಿದು ಅಂದೇ ಹೋದಳು.

ಸಸಿಯಮ್ಮನ ತೋಟ ಗೋದಾಮುಗಳ ಹಿಂದಿನ ಒಂದು ಉದ್ದನೆಯ ನೆಲದ ಪಟ್ಟಿ. ಹಸಿರು ಬಲೆಯ ಕೆಳಗೆ ತಟ್ಟೆಗಳ ಸಾಲು; ಅರ್ಧಕ್ಕಿಂತ ಹೆಚ್ಚು ಖಾಲಿ. ಸೊಸೆ ನಿಂತುಕೊಂಡೇ ಹೇಳಿದಳು, ಎಲ್ಲವನ್ನೂ, ತನ್ನ ಕೈಯಿಂದ ಬಿಟ್ಟುಹೋದ ಎರಡು ಸಾಲುಗಳನ್ನೂ ಸೇರಿಸಿ. ಸಸಿಯಮ್ಮ ಮಗುಚಿಟ್ಟ ಬಕೆಟ್ಟಿನ ಮೇಲೆ ಕುಳಿತಳು. 

"ನೀರಲ್ಲೇ ಇತ್ತು ಅಂತ ನಂಗೆ ಗೊತ್ತಾಗಿತ್ತು," ಎಂದಳು ಸಸಿಯಮ್ಮ. "ನೀವು ಇಲ್ಲ ಅಂದಿದ್ರೂ ಗೊತ್ತಾಗಿತ್ತು. ಆದ್ರೂ ತಂಗಿ ಹತ್ರ ಹೋಗೋಕೆ ಕಾಲು ಬರ್ಲಿಲ್ಲ. ಯಾವ ಮುಖ ಇಟ್ಕೊಂಡು ಹೋಗ್ಲಿ? ಈಗ ಕಾಗದ ಇದೆ. ನೀವೂ ಬನ್ನಿ ಮೇಡಂ. ನಾನು ಒಬ್ಬಳೇ ಹೋದ್ರೆ ಬಾಗಿಲು ಹಾಕ್ತಾಳೆ."

ಭಾನುವಾರ ಇಬ್ಬರೂ ಬಸ್ಸು ಹತ್ತಿದರು. ತಂಗಿಯಿದ್ದದ್ದು ಊರಿನ ಇನ್ನೊಂದು ತುದಿಯಲ್ಲಿ, ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿ. ದಾರಿಯಲ್ಲಿ ಸಸಿಯಮ್ಮ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. "ಬರೀ ಪಂಪಿನ ಮಾತಾಗಿದ್ರೆ ಅವಳು ಹೋಗ್ತಿರ್ಲಿಲ್ಲ. ನಾನು ಇನ್ನೊಂದು ಮಾತಂದೆ. ಹೆತ್ತಿದ್ರೆ ಗೊತ್ತಾಗ್ತಿತ್ತು, ಬೆಳೆಸೋ ಕಷ್ಟ ನಿನಗೇನು ಗೊತ್ತು ಅಂದ್ಬಿಟ್ಟೆ. ಅವಳಿಗೆ ಮಕ್ಕಳಿಲ್ಲ ಮೇಡಂ. ಸಸಿಗಳನ್ನೇ ಎದೆಗೆ ಹಚ್ಕೊಂಡಿದ್ದೋಳು."

 

ಒಗೆಯುವ ಮನೆಯಲ್ಲಿ ಹಬೆ ತುಂಬಿತ್ತು. ತಂಗಿ ತೆಳ್ಳಗಿನ ಹೆಂಗಸು; ಮೊಣಕೈವರೆಗೆ ತೋಳು ಮಡಚಿ ಬಿಳಿ ಹಾಸುಗಳನ್ನು ಮಡಿಸುತ್ತಿದ್ದಳು. ಅಕ್ಕನನ್ನು ಕಂಡು ಕೈ ಒಂದು ಕ್ಷಣ ನಿಂತಿತು; ಮತ್ತೆ ಮಡಿಸತೊಡಗಿತು. ಸೊಸೆ ತಾನು ಯಾರೆಂದು ಹೇಳಿದಳು. ವರದಿ ಕೊಟ್ಟು, ತಪ್ಪು ಎಲ್ಲಾಯಿತೆಂದು ವಿವರಿಸಿದಳು.

ತಂಗಿ ಕೈ ಒರೆಸಿಕೊಂಡು ಕಾಗದ ಓದಿದಳು. ಮಡಚಿ ಸೊಸೆಗೇ ವಾಪಸು ಕೊಟ್ಟಳು.

"ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ ಮೇಡಂ. ನಿಮಗೆ ನಾನ್ಯಾರು? ನೀವು ನೀರು ನೋಡಿ ಬರೆದ್ರಿ." ಅಕ್ಕನ ಕಡೆ ತಿರುಗಿದಳು. "ನೀನು ನನ್ನ ನಲವತ್ತೈದು ವರ್ಷದಿಂದ ನೋಡಿದ್ದೆ. ನಾನು ಬಾಯಲ್ಲಿ ಹೇಳಿದಾಗ ನಂಬ್ಲಿಲ್ಲ. ಒಂದು ಕಾಗದ ಇಲ್ಲ ಅಂತು, ನಾನು ಕಳ್ಳಿ ಆದೆ. ಇನ್ನೊಂದು ಕಾಗದ ಇದೆ ಅಂತು, ಈಗ ಒಳ್ಳೆಯೋಳಾದೆ. ನಾಳೆ ಮೂರನೇದು ಬಂದ್ರೆ ಏನಾಗ್ತೀನಿ, ಹೇಳು."

"ತಪ್ಪಾಯ್ತು ಕಣೇ," ಎಂದಳು ಸಸಿಯಮ್ಮ.

"ಯಾವುದು?"

ಸಸಿಯಮ್ಮ ಎದುರಿಗಿದ್ದ ಹಾಸಿನ ಅಂಚು ಹಿಡಿದುಕೊಂಡಳು. "ಪಂಪಿನ ಮಾತಲ್ಲ. ಆ ಇನ್ನೊಂದು ಮಾತು. ಅದಕ್ಕೆ ಯಾವ ಕಾಗದದಲ್ಲೂ ಕಾರಣ ಇಲ್ಲ. ಅದು ನನ್ನ ನಾಲಿಗೆದೇ."

  ಹಾಸಿನ ಇನ್ನೊಂದು ತುದಿ ತಂಗಿಯ ಕೈಯಲ್ಲಿತ್ತು. ಅಭ್ಯಾಸಬಲದಿಂದಲೋ ಏನೋ ಎಳೆದು ನೇರ ಮಾಡಿದಳು. ಸಸಿಯಮ್ಮ ತನ್ನ ತುದಿಯನ್ನು ತಂದು ಅವಳ ಕೈಗೆ ಕೂಡಿಸಿದಳು. ಹಾಗೆ ನಾಲ್ಕೈದು ಹಾಸು ಮಡಿಸಿದರು. ಆಮೇಲೆ ತಂಗಿ, "ನಂಗೆ ಕೆಲಸ ಇದೆ. ಹೋಗಿ ಬನ್ನಿ" ಎಂದಳು. 'ಬನ್ನಿ' ಎಂದದ್ದನ್ನು ಸಸಿಯಮ್ಮ ಬಸ್ಸಿನಲ್ಲಿ ಮೂರು ಸಲ ನೆನೆದಳು. ಸೊಸೆಗೆ ಅದು ಬರೀ ರೂಢಿಯ ಮಾತೆನ್ನಿಸಿತ್ತು, ಹಾಗೆಂದು ಹೇಳಲಿಲ್ಲ.

ಇನ್ನೂರ ಹದಿನೇಳು ಪತ್ರಗಳು ಹೋದವು. ಊರಿನಲ್ಲಿ ಒಂದಷ್ಟು ದಿನ ಗದ್ದಲವಾಯಿತು. ನೀರು ಸುರಕ್ಷಿತವೆಂದು ವೈದ್ಯರು ಹೇಳಿದ ಮೇಲೆ ತಣ್ಣಗಾಯಿತು. ಇಲಾಖೆ ವಿಚಾರಣೆ ಇಟ್ಟಿತು. ಆ ದಿನ ಕರೆಯದಿದ್ದರೂ ಮಾವ ಕೋಲು ಊರಿಕೊಂಡು ಬಂದರು. ವಿಚಾರಣಾಧಿಕಾರಿ, "ನೀವು ನಿವೃತ್ತರು, ನಿಮ್ಮ ಹೇಳಿಕೆ ಬೇಕಾಗಿಲ್ಲ" ಎಂದರೆ, "ಆ ಪುಟದ ಕೆಳಗೆ ನನ್ನ ಸಹಿ ಇದೆ. ಸಹಿಗೆ ನಿವೃತ್ತಿ ಇಲ್ಲ. ಬರ್ಕೊಳ್ಳಿ" ಎಂದು ಎದುರು ಕುರ್ಚಿಯಲ್ಲಿ ಕುಳಿತುಬಿಟ್ಟರು. ಓದದೆ ಸಹಿ ಹಾಕಿದ್ದನ್ನು ಹೇಳಿ, ಬರೆದುಕೊಂಡದ್ದನ್ನು ಈ ಸಲ ಅಕ್ಷರ ಬಿಡದೆ ಓದಿ, ಆಮೇಲೆ ಸಹಿ ಹಾಕಿದರು. ಹೊರಗೆ ಬಂದಾಗ ಸೊಸೆ ಅವರ ಕೈ ಹಿಡಿದುಕೊಂಡಳು; ಅವರು ಬಿಡಿಸಿಕೊಳ್ಳಲಿಲ್ಲ.

ಸೊಸೆಯಿಂದ ಒಂದು ವರ್ಷ ಸಹಿಯ ಅಧಿಕಾರ ಕಿತ್ತುಕೊಂಡು, ಬಾಟಲಿ ಇಳಿಸಿಕೊಳ್ಳುವ ಮೇಜಿಗೆ ಹಾಕಿದರು. ಕಿರಿಯರ ಎದುರು ಅಲ್ಲಿ ಕುಳಿತುಕೊಳ್ಳುವುದು ಮೊದಮೊದಲು ಅವಳಿಗೆ ಮುಳ್ಳಿನ ಮೇಲೆ ಕುಳಿತಂತಿತ್ತು. ಬಾಟಲಿಯಣ್ಣ ಮಾತ್ರ, "ಬನ್ನಿ, ಬನ್ನಿ, ಕೊನೆಗೂ ನನ್ನ ಇಲಾಖೆಗೆ ಬಡ್ತಿ ಸಿಕ್ತು ನಿಮಗೆ" ಎಂದು ಕುರ್ಚಿ ಒರೆಸಿಕೊಟ್ಟ. ದಿನ ಕಳೆದಂತೆ ಅವಳಿಗೆ ಒಂದು ಸಂಗತಿ ಕಂಡಿತು. ಬಾಟಲಿ ತಂದವರು ಅದನ್ನು ಮೇಜಿನ ಮೇಲಿಡುವಾಗ ಏನಾದರೊಂದು ಹೇಳುತ್ತಿದ್ದರು: ಮಗುವಿನ ಮೈ ಕೆರೆಯುತ್ತದೆ, ಮೀನು ಸತ್ತವು, ವಾಸನೆ ಬರುತ್ತದೆ. ಇಷ್ಟು ವರ್ಷ ಒಳಗಿನ ಕೋಣೆಗೆ ಬರುತ್ತಿದ್ದದ್ದು ಬಾಟಲಿ ಮತ್ತು ಅದರ ಸಂಖ್ಯೆ ಮಾತ್ರ. ಅವಳು ಒಂದು ಪುಸ್ತಕ ತೆರೆದು, ಪ್ರತಿ ಸಂಖ್ಯೆಯ ಎದುರಿಗೂ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯತೊಡಗಿದಳು. ಒಳಗಿನವರು ಮೊದಲು ನಕ್ಕರು. ಆಮೇಲೆ ಯಂತ್ರಕ್ಕೆ ಕೊಡುವ ಮುನ್ನ ಅದನ್ನು ಓದುವುದು ಪದ್ಧತಿಯಾಯಿತು.

ಕೊಳದ ನೀರಿನಲ್ಲಿ ಕಳೆನಾಶಕ ತಿಂಗಳು ತಿಂಗಳು ಇಳಿಯಿತು. ಐದನೆಯ ತಿಂಗಳಿಗೆ ಪಟ್ಟಿ ಕೆಂಪಾಗಿದ್ದರೂ ಶಿಖರ ಏಳಲಿಲ್ಲ. ಮುಂದಿನ ವಾರ ಸಸಿಯಮ್ಮನ ನಲ್ಲಿಯಿಂದ ಇನ್ನೊಂದು ಬಾಟಲಿ ಹಿಡಿದು ಖಚಿತ ಮಾಡಿಕೊಳ್ಳಲು ಸೊಸೆ ತಾನೇ ಹೋದಳು.

ಬಲೆಯ ಕೆಳಗೆ ಇಬ್ಬರು ಹೆಂಗಸರು ಎದುರುಬದುರಾಗಿ ಕುಳಿತು ಎಳೆಯ ಸಸಿಗಳನ್ನು ಬೇರೆ ಬೇರೆ ಕುಂಡಗಳಿಗೆ ಕಿತ್ತು ನೆಡುತ್ತಿದ್ದರು. ತಂಗಿ ಮನೆಗೆ ವಾಪಸು ಬಂದಿರಲಿಲ್ಲ. ಬರುವುದಿಲ್ಲವೆಂದು ಕಡ್ಡಿ ಮುರಿದಂತೆ ಹೇಳಿದ್ದಳಂತೆ. ವಾರಕ್ಕೊಂದು ದಿನ, ರಜೆಯ ದಿನ ಮಾತ್ರ ಬರುತ್ತಿದ್ದಳು. ತನ್ನ ಊಟ ತಾನೇ ಕಟ್ಟಿಕೊಂಡು ಬರುತ್ತಿದ್ದಳು.

"ಬೇರಿಗೆ ಗಾಳಿ ಬಿಡ್ಬೇಡ ಅಂತ ಎಷ್ಟು ಸಲ ಹೇಳ್ಲಿ," ಎಂದಳು ಸಸಿಯಮ್ಮ.

"ಬಿಟ್ಟಿಲ್ಲ."

"ನಾನು ನೋಡ್ದೆ."

ತಂಗಿ ಕೈಯಲ್ಲಿದ್ದ ಸಸಿಯನ್ನು ಕುಂಡಕ್ಕಿಳಿಸಿ, ಬುಡದ ಮಣ್ಣನ್ನು ಎರಡು ಬೆರಳಿನಿಂದ ಒತ್ತಿ, ತಲೆ ಎತ್ತಿ ಅಕ್ಕನನ್ನೇ ನೋಡಿದಳು. ಸಸಿಯಮ್ಮ ಇನ್ನೇನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು.

"ನೀನು ಬಿಟ್ಟಿಲ್ಲ ಅಂದ್ರೆ ಬಿಟ್ಟಿಲ್ಲ," ಎಂದಳು ಸಸಿಯಮ್ಮ ಆಮೇಲೆ, ಮುಂದಿನ ಕುಂಡವನ್ನು ತಂಗಿಯ ಕಡೆ ಸರಿಸುತ್ತ.

ಸೊಸೆ ನಲ್ಲಿ ತಿರುಗಿಸಿ, ನೀರನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು, ಬಾಟಲಿಯನ್ನು ಕೆಳಗೆ ಹಿಡಿದಳು.